ರೇಸ್ ಗಾಡಿ ಸಾವ್ಕಾರ್ರು

ಹಳೆಯ ರೇಸ್ ಕಾರೊಂದನ್ನು ದುಡ್ಡು ಸುರಿದು ಹೊಸದರಂತೆ ಮಾಡಿಸಿ, ಮಾರಾಟಕ್ಕಿದೆ ಎಂದು ಬೋರ್ಡು ಹಾಕಿ, ಅದನ್ನು ಯಾರಿಗೂ ಮಾರದೆ ಇರುವವರೇ ರೇಸ್ ಗಾಡಿ ಸಾವ್ಕಾರ್ರು. ಇಳಕಲ್ಲ, ಹುನಗುಂದದ ಕಡೆ ಇವರು ಕೆಂಪು ಗ್ರಾನೈಟಿನ ಧಂದೆಯಲ್ಲೋ ಸೀರೆ ವ್ಯಾಪಾರದಲ್ಲೋ ನಾಲ್ಕು ಕಾಸು ಮಾಡಿ, ಗಲ್ಲೆಯನ್ನು ಮಗನಿಗೆ ಬಿಟ್ಟವರಾಗಿರುತ್ತಾರೆ. ವಯಸ್ಸು ಅರವತ್ತರ ಆಸುಪಾಸು. ಬಿಳಿ ಜುಬ್ಬಾದ ಎದೆಯ ಕಿಸೆಯಲ್ಲಿ ಪೆನ್ನಿರುವ ಜಾಗದಲ್ಲಿ ಟಯರಿನ ಗಾಳಿ ನೋಡುವ ಮೀಟರು ಇರುತ್ತದೆ. ಕಾರು ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿರುತ್ತದೆ.

ಈ ಕಾರು ಹೆಚ್ಚಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಬಂದ ಈ ಗಾಡಿಯನ್ನು 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿತು. ಎರಡು ಬಾಗಿಲು, 948 ಸಿಸಿ ಎಂಜಿನ್ನು, ಇಟಲಿಯ ಜೊವಾನಿ ಮಿಕೆಲೊಟ್ಟಿ ಕೊಟ್ಟ ರೂಪ. ಡಾಕ್ಟರು, ವಕೀಲರು ಮನೆಮಂದಿಯನ್ನು ಕೂರಿಸಿಕೊಂಡು ಓಡಾಡಲಿ ಎಂದು ಮಾಡಿದ ಗಾಡಿ ಅದು. ಆದರೆ ಹೆರಾಲ್ಡಿನ ಟಾಪು ಬೋಲ್ಟಿನ ಮೇಲೆ ಕೂತಿರುತ್ತದೆ. ಬೋಲ್ಟು ಬಿಚ್ಚಿ, ನಾಲ್ಕು ಮಂದಿ ಹಿಡಿದು ಟಾಪು ಎತ್ತಿಟ್ಟರೆ ಸಂಜೆಯೊಳಗೆ ಸ್ಪೋರ್ಟ್ಸ್ ಕಾರು ತಯಾರು. ಮೇಲೆ ಕಡುಹಸಿರು ಬಣ್ಣ, ಬಾಗಿಲಿಗೆ ಬಿಳಿ ವೃತ್ತ, ವೃತ್ತದೊಳಗೆ 12 ಎಂಬ ಅಂಕಿ. ಹನ್ನೆರಡೇ ಯಾಕೆ ಎಂದು ಕೇಳಿದವರಿಗೆ, ರೇಸಿನಲ್ಲಿ ಅದೇ ನಂಬರಿತ್ತು ಎಂಬ ಉತ್ತರ ಸಿಗುತ್ತದೆ. ಕೇಳಿದವರು ಕೂಡಲಸಂಗಮಕ್ಕೆ ಹೊರಟ ಭಕ್ತರಾಗಿದ್ದರೆ ಅದು ಹನ್ನೆರಡನೇ ಶತಮಾನದ ಶರಣರ ನೆನಪಿಗೆ.

ರೇಸ್ ಎಂದರೆ ಶೋಲಾವರಂ. ಮದ್ರಾಸಿನ ಹತ್ತಿರ ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ 1950ರ ದಶಕದಿಂದ ಕಾರು, ಮೋಟಾರ್ ಸೈಕಲ್ ಪಂದ್ಯಗಳು ನಡೆಯುತ್ತಿದ್ದವು. ಸಾವ್ಕಾರ್ರ ಕಾರು ಅಲ್ಲಿ ಓಡಿತ್ತೆಂಬುದಕ್ಕೆ ಪುರಾವೆಯಾಗಿ ಗೋಡೆಯ ಮೇಲೊಂದು ಕಪ್ಪು-ಬಿಳುಪು ಫೋಟೊ ಇದೆ. ಅದರಲ್ಲಿ ಕಾಣುವುದು ಮುಕ್ಕಾಲು ಪಾಲು ಧೂಳು. ಧೂಳಿನ ಹಿಂದೆ ಇರುವುದು ಇದೇ ಗಾಡಿ ಎಂಬುದು ನಂಬಿಕೆಯ ವಿಷಯ. ಮೊದಲ ವರ್ಷ ಈ ಕಾರು ಶೋಲಾವರಂನಲ್ಲಿ ಭಾಗವಹಿಸಿತ್ತು, ಎರಡನೆಯ ವರ್ಷ ಮೂರನೇ ಬಹುಮಾನ ಪಡೆದಿತ್ತು. ಈಗೀಗ ಎರಡನೇ ಸ್ಥಾನಕ್ಕೆ ಬಂದಿದೆ. ಶೆಡ್ಡಿನಲ್ಲಿ ನಿಂತಲ್ಲೇ ನಿಂತು ಇಷ್ಟು ಮುಂದೆ ಬಂದ ಕಾರು ಬೇರೆಲ್ಲೂ ಇರಲಾರದು.

ಹೊಸದು ಮಾಡುವ ಕೆಲಸ ಮಿಸ್ತ್ರಿಯದು. ಹೆರಾಲ್ಡಿಗೆ ಚಾಸಿ ಬೇರೆ, ಮೈ ಬೇರೆ. ಮೈಯ ತುಂಡುಗಳನ್ನೂ ಬೋಲ್ಟು ಹಾಕಿಯೇ ಕೂಡಿಸಿರುತ್ತಾರೆ. ಆದ್ದರಿಂದ ಒಂದು ಬಾಗಿಲು ಹುಬ್ಬಳ್ಳಿಯ ಗುಜರಿಯಿಂದ, ಇನ್ನೊಂದು ಸೊಲ್ಲಾಪುರದಿಂದ, ಬಾನೆಟ್ಟು ಬೆಂಗಳೂರಿನಿಂದ ಬಂದರೂ ಕಾರು ಒಂದೇ ಆಗುತ್ತದೆ. ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು ಇದ್ದು, ಕೊಂಡಿ ಹಾಕಿ ಕೂಡಿಸಿದ ಮೇಲೆ ಅದು ಹೇಗೆ ಒಂದೇ ಸೀರೆಯೋ ಇದೂ ಹಾಗೆ. ಈ ಕಾರಿನ ಬಾನೆಟ್ಟು ಮಡ್‌ಗಾರ್ಡು, ಲೈಟುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಆಗ ಮುಂದಿನ ಗಾಲಿಗಳು, ಸ್ಟೇರಿಂಗಿನ ರಾಡು, ಎಂಜಿನ್ನು ಎಲ್ಲ ಬಯಲಿಗೆ ಬರುತ್ತವೆ. ಬಂದವರ ಮುಂದೆ ಸಾವ್ಕಾರ್ರು ಇದನ್ನು ತಾವೇ ಎತ್ತುತ್ತಾರೆ, ಬೇರೆಯವರು ಮುಟ್ಟುವ ಹಾಗಿಲ್ಲ. ಎಂಜಿನ್ನಿನ ಮೇಲೆ ಕೆತ್ತಿದ ನಂಬರಿನ ಬಳಿ ಮಾತ್ರ ಯಾವಾಗಲೂ ಎಣ್ಣೆ ಒರೆಸುವ ಬಟ್ಟೆಯೊಂದು ಮರೆತುಹೋದಂತೆ ಬಿದ್ದಿರುತ್ತದೆ.

ಬಟ್ಟೆಗೆ ಕಾರಣವಿದೆ. ಸಂಗ್ರಹಕಾರರು ಮೊದಲು ನೋಡುವುದೇ ಚಾಸಿ ನಂಬರು, ಎಂಜಿನ್ ನಂಬರು. ಎರಡೂ ಆರ್.ಸಿ. ಪುಸ್ತಕದೊಂದಿಗೆ ತಾಳೆಯಾದರೆ ಬೆಲೆ ಏರುತ್ತದೆ, ಆಗದಿದ್ದರೆ ಉಳಿಯುವುದು ತಗಡಿನ ಬೆಲೆ. ಕಾನೂನೂ ಇದೇ ದಾರಿಯದು. ವಿಂಟೇಜ್ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದಂತೆ ಗಾಡಿಗೆ ಐವತ್ತು ವರ್ಷ ಮೀರಿರಬೇಕು, ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರ, ಅವಧಿ ಹತ್ತು ವರ್ಷ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಓಡಿಸಬಹುದು, ದಿನಬಳಕೆಗೆ ಇಲ್ಲ. ಹೀಗಾಗಿ ಸಾವ್ಕಾರ್ರಿಗೆ ಎರಡು ನಾಲಿಗೆ ಅನಿವಾರ್ಯ. ಗಿರಾಕಿಯ ಮುಂದೆ ‘ಒಂದ್ ಬೋಲ್ಟೂ ಬಿಡದಂಗ ಹೊಸಾದು ಮಾಡಸೇನ್ರಿ’ ಎನ್ನಬೇಕು, ಆರ್.ಟಿ.ಓ. ಏಜೆಂಟನ ಮುಂದೆ ‘ಕಂಪನಿಯಿಂದ ಹೆಂಗ ಬಂದಿತ್ತೋ ಹಂಗ ಐತಿ ನೋಡಪಾ’ ಎನ್ನಬೇಕು. ಇಬ್ಬರೂ ಒಂದೇ ದಿನ ಬಂದರೆ ಅಂದು ಸಾವ್ಕಾರ್ರಿಗೆ ಜ್ವರ.

ಬೆಲೆ ನಿಗದಿಯಾಗುವುದು ಮೊಬೈಲಿನಿಂದ. 2022ರಲ್ಲಿ ಮರ್ಸಿಡಿಸ್ ಕಂಪನಿ 1955ರ ತನ್ನ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆಯನ್ನು ಹರಾಜಿನಲ್ಲಿ 13.5 ಕೋಟಿ ಯೂರೊಗೆ ಮಾರಿತು, ನಮ್ಮ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಅಂಥ ಕಾರು ಜಗತ್ತಿನಲ್ಲಿ ಇದ್ದದ್ದೇ ಎರಡು. ಈ ಸುದ್ದಿ ತಲುಪಿದ ಸಂಜೆ ಹೆರಾಲ್ಡಿನ ಬೆಲೆಯೂ ಎರಡು ಲಕ್ಷ ಏರಿತು. ಇಂಥಾದ್ದು ಇಡೀ ಜಿಲ್ಲೆಗೆ ಒಂದೇ ಇದೆ ಎಂಬುದು ಸಾವ್ಕಾರ್ರ ವಾದ. ಈ ವಾದವನ್ನು ಯಾರೂ ಅಲ್ಲಗಳೆದಿಲ್ಲ.

ಗಿರಾಕಿ ಬಂದರೆ ಕ್ರಮವಿದೆ. ಮೊದಲು ಚಾ, ಆಮೇಲೆ ಒಗ್ಗರಣಿ, ಮಿರ್ಚಿಭಜಿ. ಅದಾದ ಮೇಲೆ ಫೋಟೊ, ಕೊನೆಗೆ ತಾಡಪತ್ರಿ. ಬೆಲೆಯ ಮಾತು ಬಂದ ಕೂಡಲೇ ‘ರೊಕ್ಕದ್ದೇನ್ ಬಿಡ್ರಿ, ಮೊದ್ಲ ಗಾಡಿ ನೋಡ್ರಿ’ ಎಂದು ಬಾನೆಟ್ಟು ಎತ್ತುತ್ತಾರೆ. ಗಾಡಿ ನೋಡಿ ಮುಗಿಸಿದವನಿಗೆ ‘ನೋಡೂದೇನ್ ಐತ್ರಿ, ಮೊದ್ಲ ಇತಿಹಾಸ ಕೇಳ್ರಿ’ ಎನ್ನುತ್ತಾರೆ. ಒಳಗಿನಿಂದ ಚಾದ ಕಪ್ಪು ಒಯ್ಯಲು ಬಂದ ಮನೆಯವರು ‘ಕೊಟ್ಟರ ಇವತ್ತ ಒಯ್ರೀ ಅಣ್ಣಾರ, ಟೆಂಪೋ ಬಾಡಿಗಿ ನಾ ಕೊಡ್ತೀನಿ’ ಎಂದು ಮೆಲ್ಲಗೆ ಹೇಳಿ ಹೋಗುವುದುಂಟು.

ಓಡಿಸಿ ನೋಡುವ ಹಾದಿ ಕೂಡಲಸಂಗಮದವರೆಗೆ. ಸಂಗಮನಾಥನಿಗೆ ಕಾಯಿ ಒಡೆಸಿ, ಗಾಲಿಗೆ ಲಿಂಬಿಹಣ್ಣು ಇಟ್ಟು ವಾಪಸು ಬರುವುದು ವಾಡಿಕೆ. ಹುನಗುಂದ ದಾಟುವವರೆಗೆ ಕಾರು ಚೆನ್ನಾಗಿಯೇ ಓಡುತ್ತದೆ, ಸಂಗಮ ಕ್ರಾಸಿನ ಹತ್ತಿರ ಕಾಯುತ್ತದೆ. ಬೇಸಿಗೆಯ ಬಿಸಿಲಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಎಂಜಿನ್ನು ನಿಲ್ಲುವುದು ಹಳೆಯ ಗಾಡಿಗಳಿಗೆ ಹೊಸದಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ತಾಸು ಕೂತರೆ ಸರಿಹೋಗುತ್ತದೆ. ಅಷ್ಟರಲ್ಲಿ ಬಾಗಲಕೋಟೆಯ ಬಸ್ಸಿಗೆ ಕಾದವರು ಕೂಡಿ ದೂಡಿರುತ್ತಾರೆ. ಸಾವ್ಕಾರ್ರು ಸ್ಟೇರಿಂಗ್ ಬಿಟ್ಟು ಇಳಿಯುವುದಿಲ್ಲ. ರೇಸಿನಲ್ಲೂ ಹೀಗೇ ದೂಡಿ ಚಾಲೂ ಮಾಡುತ್ತಿದ್ದರೆಂದು ಕೂತಲ್ಲಿಂದಲೇ ವಿವರಿಸುತ್ತಾರೆ.

ಗಿರಾಕಿಗಳಲ್ಲಿ ಎರಡು ಬಗೆ. ಚೌಕಾಸಿ ಮಾಡುವವರಿಗೆ ಕಾರಿನ ಬೆಲೆ ತಿಳಿದಿಲ್ಲ, ಆದ್ದರಿಂದ ಅವರಿಗೆ ಕೊಡುವಂತಿಲ್ಲ. ಕೇಳಿದಷ್ಟು ಕೊಡುತ್ತೇನೆಂದು ಅಲ್ಲೇ ಚೆಕ್ಕು ತೆಗೆಯುವವರು ಇನ್ನೂ ಅಪಾಯದವರು. ಅಷ್ಟು ಸಲೀಸಾಗಿ ಒಪ್ಪಿದರೆಂದರೆ ಹೇಳಿದ ಬೆಲೆ ಕಡಿಮೆಯಾಯಿತೆಂದೇ ಅರ್ಥ, ಅವರಿಗೂ ಕೊಡುವಂತಿಲ್ಲ. ಹೀಗೆ ಬೋರ್ಡು ಹಾಕಿದ ಮೇಲೆ ಈ ಶೆಡ್ಡಿನಿಂದ ನಿಜವಾಗಿ ಮಾರಾಟವಾದದ್ದು ಚಾಲೂ ಸ್ಥಿತಿಯಲ್ಲಿದ್ದ ಟ್ರ್ಯಾಕ್ಟರ್ ಟ್ರೇಲರೊಂದೇ, ಅದೂ ಹೆರಾಲ್ಡಿನ ಬಿಚ್ಚಿದ ಟಾಪು ಇಡಲು ಜಾಗ ಸಾಲದ್ದಕ್ಕೆ.