ಒಂದ್ನಿಮಿಷದ ಹುಡುಗ

ಬೀದಿಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಸೆಕೆಂಡ್ ಪಿಯುಸಿ, ಸೈನ್ಸು, ಸಂಜೆ ಸಿಇಟಿ ಕೋಚಿಂಗು. ಮೀಸೆ ಇನ್ನೂ ಚಿಗುರುತ್ತಿದೆ, ಬೆನ್ನು ಆಗಲೇ ಬಾಗಿದೆ. "ಊಟಕ್ಕೆ ಬಾರೋ" ಎಂದರೆ "ಒಂದ್ನಿಮಿಷ ಅಮ್ಮಾ" ಎನ್ನುತ್ತಾನೆ. ಆ ನಿಮಿಷವನ್ನು ನಂಬಿ ಬಡಿಸಿದವರ ಸಾರು ಆರಿಹೋಗಿದೆ.

ಕೊನೆಗೂ ಊಟಕ್ಕೆ ಬರುವುದು ಬಲಗೈ ಮಾತ್ರ. ಫೋನು ನೀರಿನ ಚೊಂಬಿಗೆ ಒರಗಿ ಕೂತಿರುತ್ತದೆ, ಎಡಗೈ ಹೆಬ್ಬೆರಳು ರೀಲ್ಸ್ ತಳ್ಳುತ್ತಿರುತ್ತದೆ. ಮುದ್ದೆ ಮುರಿಯುವುದು, ಅದ್ದುವುದು, ನುಂಗುವುದು ಎಲ್ಲವೂ ಕಣ್ಣಿನ ನೆರವಿಲ್ಲದೆ ಸಾಗುತ್ತದೆ. ಮಜ್ಜಿಗೆ ಲೋಟವೆಂದು ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದರೂ ಅಜ್ಜಿ ಅವನ ಪರ: "ಬಿಡೇ, ಮಗು ಏನೋ ಓದ್ಕೊಳ್ತಿದೆ."

ಅವನೊಬ್ಬನನ್ನೇ ಬೈದರೆ ಆಗದು. 2020ರಲ್ಲಿ ಶಾಲೆ ಮುಚ್ಚಿದಾಗ, ಆನ್‌ಲೈನ್ ಕ್ಲಾಸಿಗೆಂದು ಕಂತಿನಲ್ಲಿ ಫೋನು ತಂದುಕೊಟ್ಟವರು ಅಪ್ಪನೇ. ಆ ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದು ಆ ಜಾಗದಲ್ಲಿ ಕೂತಿತು. ಶಾಲೆ ತೆರೆಯಿತು, ಫೋನು ವಾಪಸಾಗಲಿಲ್ಲ. ಕಿತ್ತಿಡೋಣವೆಂದರೆ ಹೋಂವರ್ಕೂ ಫೀಸಿನ ನೋಟಿಸೂ ಬರುವುದು ವಾಟ್ಸಾಪಿಗೇ. ಹೊರಗೆ ಆಡು ಹೋಗು ಎನ್ನಲು, ಕ್ರಿಕೆಟ್ ಆಡುತ್ತಿದ್ದ ಖಾಲಿ ಸೈಟಿನಲ್ಲಿ ಪಿಜಿ ಎದ್ದಿದೆ.

ಇನ್ನು ಡೇಟಾ. ದಿನಕ್ಕಿಷ್ಟು ಜಿಬಿ, ರಾತ್ರಿ ಹನ್ನೆರಡಾದರೆ ಉಳಿದದ್ದು ಹೋಯಿತು. ಅನ್ನ ಚೆಲ್ಲಬಾರದೆಂದು ಕಲಿಸಿದ ಮನೆಯ ಹುಡುಗ ಡೇಟಾ ಚೆಲ್ಲುತ್ತಾನೆಯೇ? ಹನ್ನೊಂದು ಐವತ್ತೊಂಬತ್ತರವರೆಗೂ ಹೊದಿಕೆಯೊಳಗೆ ಬಳಿದು ಮುಗಿಸುತ್ತಾನೆ.

ಅವನ ನಿಷ್ಠೆ ನೋಡಬೇಕೆಂದರೆ ಸ್ನ್ಯಾಪ್‌ಚಾಟಿನ ಸ್ಟ್ರೀಕ್ ನೋಡಿ. ಇಬ್ಬರೂ ದಿನ ತಪ್ಪದೆ ಒಬ್ಬರಿಗೊಬ್ಬರು ಸ್ನ್ಯಾಪ್ ಕಳಿಸಬೇಕು. ತಪ್ಪಿದರೆ ಎಣಿಕೆ ಸೊನ್ನೆ. ನೆಟ್‌ವರ್ಕ್ ಸಿಗದ ಮಲೆನಾಡಿನ ಮದುವೆಗೆ ಹೊರಟರೆ ಗೆಳೆಯನಿಗೆ ಪಾಸ್‌ವರ್ಡ್ ಒಪ್ಪಿಸಿಯೇ ಬಸ್ಸು ಹತ್ತುವುದು: "ಮಗಾ, ದಿನಾ ಒಂದು ಕಳಿಸ್ಬಿಡೋ. ಫ್ಯಾನ್ ಫೋಟೊ ಆದ್ರೂ ನಡಿಯತ್ತೆ." ಅಜ್ಜಿಯ ಬಿಪಿ ಮಾತ್ರೆ ಮಾತ್ರ ಮೂರು ದಿನದಿಂದ ಮರೆತಿದ್ದಾನೆ.

ಬೆರಳು ತಳ್ಳಿದಷ್ಟೂ ಮುಗಿಯದ ಸ್ಕ್ರೋಲಿಂಗ್ ಅನ್ನು 2006ರಲ್ಲಿ ರೂಪಿಸಿದ ಅಮೆರಿಕದ ಅಜಾ ರಾಸ್ಕಿನ್ ಆಮೇಲೆ ಪಶ್ಚಾತ್ತಾಪಪಟ್ಟರು. ಅಷ್ಟರಲ್ಲಿ ಲೋಕದ ಹೆಬ್ಬೆರಳುಗಳೆಲ್ಲ ಪಳಗಿದ್ದವು.

ಅಪ್ಪನಿಗೆ ಚಿಂತೆ ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಗೀಳಿಗೆಂದೇ 2014ರಿಂದ 'ಷಟ್' ಕ್ಲಿನಿಕ್ ಇರುವುದು ಅವರಿಗೆ ಗೊತ್ತು. ಗೊತ್ತಾದದ್ದು ರಾತ್ರಿ ಹನ್ನೊಂದೂವರೆಗೆ, ಯೂಟ್ಯೂಬ್ ಶಾರ್ಟ್ಸ್ ನೋಡುವಾಗ. "ಕರ್ಕೊಂಡು ಹೋಗೋಣ್ವಾ?" ಎಂದು ಅಮ್ಮ ಕೇಳಿದರೆ, "ಒಂದ್ನಿಮಿಷ ಇರೇ" ಎಂದರು.

ಓದುಗರಲ್ಲಿ ವಿನಂತಿ: ಇದನ್ನು ಫೋಟೊ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಹುಡುಗ ಆ ಗ್ರೂಪನ್ನು ಮ್ಯೂಟ್ ಮಾಡಿ ವರ್ಷವಾಯಿತು.