ದುಶ್ಶಾಸನನಿಗೆ ಒನ್ಸ್ ಮೋರ್

ಪಾವಗಡ ತಾಲ್ಲೂಕಿನ ನಮ್ಮ ವಳ್ಳೂರಿನಲ್ಲಿ ಈಗ ಕಡಲೆಕಾಯಿಗಿಂತ ಹೆಚ್ಚು ಬೆಳೆಯುವುದು ಕರೆಂಟು. ತಿರುಮಣಿಯಿಂದ ಹಿಡಿದು ನಮ್ಮೂರವರೆಗೆ ಐದು ಊರುಗಳ 13,000 ಎಕರೆಯಲ್ಲಿ ಸೋಲಾರ್ ಹಲಗೆ ನಿಲ್ಲಿಸಿ, ‘ಶಕ್ತಿ ಸ್ಥಳ’ ಎಂದು ಹೆಸರಿಟ್ಟು, 2018ರಲ್ಲಿ ಉದ್ಘಾಟನೆ ಮಾಡಿದರು. 2,050 ಮೆಗಾವ್ಯಾಟ್ ಅಂತೆ. ನಾವು ಯಾರೂ ನೆಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟೆವು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮೊದಲು ಮೋಡ ಬಾರದಿದ್ದರೆ ನಾವು ಅಳುತ್ತಿದ್ದೆವು, ಈಗ ಮೋಡ ಬಂದರೆ ಅಳುವ ಪಾಳಿ ಬೇರೆಯವರದು. ನೆಲದ ಜೊತೆ ಚಿಂತೆಯನ್ನೂ ಗುತ್ತಿಗೆಗೆ ಕೊಟ್ಟ ಮೇಲೆ, ಮೇಷ್ಟ್ರ ಕೆಲಸದಿಂದ ಆಗಲೇ ನಿವೃತ್ತನಾಗಿದ್ದ ನಾನು ಬೇಸಾಯದಿಂದಲೂ ನಿವೃತ್ತನಾದೆ. ಮನೆ ಹಿಂದಿನ ಅರ್ಧ ಎಕರೆ ಟೊಮ್ಯಾಟೊ ತೋಟ ಮಾತ್ರ ಹೆಂಡತಿಯ ಹಟದಿಂದ ಉಳಿಯಿತು.

ಹೀಗೆ ಜಗಲಿ ಮೇಲೆ ಖಾಲಿ ಕೂತಿದ್ದವನನ್ನು, ಬೇಸಿಗೆ ರಜಕ್ಕೆ ಬೆಂಗಳೂರಿನಿಂದ ಬಂದ ಏಳು ವರ್ಷದ ಮೊಮ್ಮಗಳು ಕೆಲಸಕ್ಕೆ ಇಟ್ಟುಕೊಂಡಳು. ಕೆಲಸ ಏನೆಂದರೆ ಅವಳ ಪಕ್ಕ ಕೂತು ರಾಕ್ ಸಂಗೀತ ಕೇಳುವುದು. ಮಗ ಮೊದಲೇ ಫೋನಿನಲ್ಲಿ ಎಚ್ಚರಿಸಿದ್ದ: “ಅಪ್ಪಾ, ಪುಟ್ಟಿಗೆ ಯಾವುದೋ ಗಲಾಟೆ ಮ್ಯೂಸಿಕ್ ಹುಚ್ಚು ಹಿಡಿದಿದೆ. ಎಲ್ಲಿಂದ ಅಂಟಿಸಿಕೊಂಡಳೋ ಗೊತ್ತಿಲ್ಲ. ನೀವೇ ನಾಲ್ಕು ಒಳ್ಳೇ ಹಾಡು ಕಲಿಸಿ ತಿದ್ದಿ.” ತಿದ್ದುವುದೇ ನನ್ನ ಕಸುಬಾಗಿತ್ತಲ್ಲ, ಒಪ್ಪಿಕೊಂಡೆ.

“ತಾತಾ, ನಿಂಗೆ ರಾಕ್ ಗೊತ್ತಾ?” ಎಂದು ಸಂದರ್ಶನ ಶುರುವಾಯಿತು. ಗೊತ್ತಿಲ್ಲ ಎನ್ನಲು ಮೇಷ್ಟ್ರ ಬಾಯಿ ಒಪ್ಪುತ್ತದೆಯೇ? 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಹಾಡಿದ ‘ಇಫ್ ಯು ಕಮ್ ಟುಡೇ’ ತೋರಿಸಿದೆ. ಜಿ.ಕೆ. ವೆಂಕಟೇಶ್ ಸಂಗೀತ, ಅಣ್ಣಾವ್ರ ಇಂಗ್ಲಿಷು. ಇದಕ್ಕಿಂತ ಇನ್ನೇನು ಬೇಕು? ಅವಳು ಕೊನೆಯತನಕ ಗಂಭೀರವಾಗಿ ನೋಡಿ, “ಚೆನ್ನಾಗಿದೆ ತಾತ, ಆದ್ರೆ ಇವ್ರು ತುಂಬಾ ನೀಟಾಗಿದಾರೆ” ಎಂದಳು. ರಾಕ್‌ನವರು ಕೂದಲು ಬಾಚುವುದಿಲ್ಲವಂತೆ.

ಅವಳ ಪಾಠ ಆರಂಭವಾದದ್ದು ಕ್ವೀನ್ ಎಂಬ ಇಂಗ್ಲೆಂಡಿನ ತಂಡದ ‘ವಿ ವಿಲ್ ರಾಕ್ ಯು’ ಎಂಬ 1977ರ ಹಾಡಿನಿಂದ. ಎರಡು ಸಲ ಕಾಲು ಬಡಿಯುವುದು, ಒಂದು ಚಪ್ಪಾಳೆ. ಮತ್ತೆ ಎರಡು ಸಲ ಕಾಲು, ಒಂದು ಚಪ್ಪಾಳೆ. ಹಾಡು ಮುಗಿಯುವ ಹೊತ್ತಿಗೆ ಒಂದು ಗಿಟಾರು ಬಂದು ಸೇರುತ್ತದೆ, ಅದು ಬಿಟ್ಟರೆ ವಾದ್ಯವೇ ಇಲ್ಲ. ಡ್ರಮ್ಮಿನವನಿಗೆ ಕೂಲಿ ಉಳಿಸಿದ್ದಾರೆ ಎಂಬುದು ನನಗೆ ಮೊದಲಿಗೇ ಹೊಳೆಯಿತು. ಹಾಡುವವನು ಫ್ರೆಡ್ಡಿ ಮರ್ಕ್ಯುರಿ. ಹುಟ್ಟಿದಾಗ ಇಟ್ಟ ಹೆಸರು ಫರ್ರೋಖ್ ಬುಲ್ಸಾರಾ, ಪಾರ್ಸಿ ಹುಡುಗ, ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿ ಬೋರ್ಡಿಂಗ್ ಶಾಲೆಯಲ್ಲಿ. “ಹಾಗಾದರೆ ಇವನನ್ನೂ ಯಾರೋ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿರುತ್ತಾರೆ” ಎಂದೆ. ಪುಟ್ಟಿಗೆ ಆ ಮೇಷ್ಟ್ರ ಮೇಲೆ ಸಿಟ್ಟು ಬಂತು.

ಆ ಹಾಡು ಬರೆದ ಗಿಟಾರಿನ ಬ್ರಯಾನ್ ಮೇ ಇನ್ನೂ ವಿಚಿತ್ರದ ಆಸಾಮಿ. ಅಪ್ಪನ ಜೊತೆ ಸೇರಿ ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ತಾನೇ ಗಿಟಾರು ಮಾಡಿಕೊಂಡವನು. ಗ್ರಹಗಳ ನಡುವಿನ ಧೂಳಿನ ಬಗ್ಗೆ ಸಂಶೋಧನೆ ಶುರುಮಾಡಿ, ಹಾಡುವ ಗಡಿಬಿಡಿಯಲ್ಲಿ ಅದನ್ನು ಮೂವತ್ತು ವರ್ಷ ಪಕ್ಕಕ್ಕಿಟ್ಟು, 2007ರಲ್ಲಿ ಅರವತ್ತರ ವಯಸ್ಸಿಗೆ ಡಾಕ್ಟರೇಟ್ ಪಡೆದ. ಧೂಳಿಗಾಗಿ ಅಷ್ಟು ದೂರ ಆಕಾಶಕ್ಕೆ ಹೋದನಲ್ಲ ಪಾಪ! ವಳ್ಳೂರಿಗೆ ಬಂದಿದ್ದರೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನದಲ್ಲಿ ಅಧ್ಯಯನ ಮುಗಿದುಹೋಗುತ್ತಿತ್ತು. ಇಲ್ಲಿ ಸೋಲಾರ್ ಹಲಗೆ ಒರೆಸುವವರನ್ನು ಕೇಳಿದರೆ ಎರಡು ಡಾಕ್ಟರೇಟ್‌ಗಾಗುವಷ್ಟು ಧೂಳಿನ ವಿಷಯ ಹೇಳುತ್ತಾರೆ.

ಆಮೇಲೆ ಬಂದವನು ಎಸಿ/ಡಿಸಿ ತಂಡದ ಆಂಗಸ್ ಯಂಗ್. ಅವನನ್ನು ನೋಡಿ ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು. ಹುಟ್ಟಿದ್ದು 1955ರಲ್ಲಿ, ಆದರೆ ವೇದಿಕೆಗೆ ಬರುವುದು ಇವತ್ತಿಗೂ ಸ್ಕೂಲ್ ಯೂನಿಫಾರಮ್ಮಿನಲ್ಲಿ: ಚಡ್ಡಿ, ಕೋಟು, ಟೈ. “ಇಷ್ಟು ವರ್ಷವಾದರೂ ಪಾಸಾಗಲಿಲ್ಲವೇನೇ?” ಎಂದೆ. ಯೂನಿಫಾರಂ ಹಾಕಿಸಲು ದಿನಾ ಬೆಳಿಗ್ಗೆ ಅಮ್ಮನನ್ನು ಮನೆಯೆಲ್ಲಾ ಓಡಾಡಿಸುವ ಪುಟ್ಟಿ ಸ್ವಲ್ಪ ಯೋಚಿಸಿ, “ಅವ್ರಿಗೆ ಯಾರೂ ಬಲವಂತ ಮಾಡಲ್ಲ, ಅದಕ್ಕೇ ಹಾಕ್ಕೋತಾರೆ” ಎಂದಳು. ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಒಬ್ಬೊಬ್ಬರದೂ ಹುಟ್ಟಿದ ವರ್ಷ ಕೇಳುತ್ತಾ ಹೋದಂತೆ ನನಗೆ ಧೈರ್ಯ ಬಂತು. ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್ 1943ರವನು. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಮಳೆಯಲ್ಲಿ ಕುಣಿದಾಗ ಅರವತ್ತರ ಹೊಸ್ತಿಲಲ್ಲಿದ್ದ. ನಮಗಾದರೆ ಅದು ಹಾರ ಹಾಕಿ, ಶಾಲು ಹೊದಿಸಿ, ಮನೆಗೆ ಕಳಿಸುವ ವಯಸ್ಸು. ಅಂದರೆ ಮಗ ತಿಳಿದುಕೊಂಡಂತೆ ಇದು ಹುಡುಗರ ಹುಚ್ಚಲ್ಲ, ನನ್ನ ವಾರಿಗೆಯವರ ಕಸುಬು. ಹಾಡುವವರು ಅಜ್ಜಂದಿರು, ಕುಣಿಯುವವರು ಮೊಮ್ಮಕ್ಕಳು. ನಡುವಿನವರಿಗೆ ಇಎಂಐ ಕಟ್ಟುವ ಕೆಲಸವಿರುವುದರಿಂದ ತಲೆನೋವು.

ಗದ್ದಲವೂ ನನಗೆ ಹೊಸದಾಗಿರಲಿಲ್ಲ. ನಮ್ಮದು ಅರ್ಧ ಕನ್ನಡ ಅರ್ಧ ತೆಲುಗಿನ ಗಡಿ. ಜಾತ್ರೆ ಬಂತೆಂದರೆ ಒಂದೂರಲ್ಲಿ ಕನ್ನಡದ ‘ಕುರುಕ್ಷೇತ್ರ’, ಇನ್ನೊಂದೂರಲ್ಲಿ ತೆಲುಗು ಪದ್ಯನಾಟಕ. ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಇಳಿಯುವುದು ಕೋಳಿ ಕೂಗಿದ ಮೇಲೆ. ಹಾರ್ಮೋನಿಯಂ ಮೇಷ್ಟ್ರು ಏರಿಸಿದ ಶ್ರುತಿಗೆ ಕೃಷ್ಣನ ಕತ್ತಿನ ನರ ಮೂರನೇ ಸಾಲಿನವರಿಗೂ ಕಾಣಬೇಕು. ಸ್ಪೀಕರಿನ ಆರ್ಭಟಕ್ಕೆ ಪಕ್ಕದ ಊರಿನ ಎತ್ತು ಹಗ್ಗ ಕಿತ್ತುಕೊಳ್ಳಬೇಕು. ನಮ್ಮ ಕಡೆ ಪಾತ್ರಕ್ಕೆ ಇಷ್ಟು ಎಂದು ನಟನೇ ದುಡ್ಡು ಕಟ್ಟುವುದು ಪದ್ಧತಿ. ಕೃಷ್ಣ, ದುರ್ಯೋಧನ ದುಬಾರಿ. ಮೇಷ್ಟ್ರ ಸಂಬಳಕ್ಕೆ ದಕ್ಕಿದ್ದು ದುಶ್ಶಾಸನ. ಅವನಿಗೆ ಪದ್ಯ ಕಡಿಮೆ, ಅಟ್ಟಹಾಸ ಜಾಸ್ತಿ. ಸೀರೆ ಎಳೆದು ಎಳೆದು ಸುಸ್ತಾಗಿ ಬೀಳುವಾಗ ಒಂದು ಕೂಗು, ಭೀಮನ ಕೈಯಲ್ಲಿ ಸಾಯುವಾಗ ಇನ್ನೊಂದು. ಅದಕ್ಕೂ ಜನ ‘ಒನ್ಸ್ ಮೋರ್’ ಎಂದರೆ ಎದ್ದು ಮತ್ತೊಮ್ಮೆ ಸಾಯಬೇಕು.

ಪುಟ್ಟಿ ಒಂದು ದಿನ, ಹೊಟ್ಟೆಯಾಳದಿಂದ ಗೊರಗೊರ ಎನ್ನುವ ಯಾವುದೋ ತಂಡ ಹಾಕಿ, “ಹೀಗೆ ಹಾಡೋದು ತುಂಬಾ ಕಷ್ಟ ತಾತ, ಪ್ರಾಕ್ಟೀಸ್ ಬೇಕು” ಎಂದಳು. ನಾನು ಎಲೆಅಡಿಕೆ ಉಗಿದು, ಸೊಂಟಕ್ಕೆ ಟವೆಲ್ ಬಿಗಿದು, ದ್ರೌಪದಿಯ ಮುಡಿಗೆ ಕೈ ಹಾಕುವಾಗಿನ ಅಟ್ಟಹಾಸವನ್ನು ಹೊರಡಿಸಿದೆ. ಕೋಳಿಗಳು ಗೂಡು ಸೇರಿದವು. ಅಡುಗೆಮನೆಯಲ್ಲಿ ಪಾತ್ರೆ ಬಿತ್ತು. ಮೊಮ್ಮಗಳು ಬಾಯಿ ತೆರೆದು ನಿಂತವಳು, “ತಾತಾ, ಇನ್ನೊಂದ್ಸಲ!” ಎಂದಳು. ಪಾತ್ರ ಬಿಟ್ಟು ಎಷ್ಟೋ ವರ್ಷಗಳ ಮೇಲೆ ಬಂದ ಒನ್ಸ್ ಮೋರ್, ಬಿಡಲಾದೀತೆ?

ಅಲ್ಲಿಂದ ಮುಂದಿನ ತರಗತಿ ತಲೆ ಕೊಡವುವುದು. ತಾಳಕ್ಕೆ ಸರಿಯಾಗಿ ತಲೆಯನ್ನು ಮೇಲೆ ಕೆಳಗೆ ಎಸೆಯಬೇಕು. ಪಾವಗಡದ ಫ್ಲೋರೈಡ್ ನೀರು ಕುಡಿದು ಬೆಳೆದ ಕತ್ತು ಅಷ್ಟು ಸುಲಭಕ್ಕೆ ಬಗ್ಗುತ್ತದೆಯೇ? ಆದರೂ ಅಮೃತಾಂಜನ ತಿಕ್ಕಿಕೊಂಡು ಜಗಲಿಯಲ್ಲಿ ಅಭ್ಯಾಸ ನಡೆಸಿದ್ದೆವು. ಆ ಹೊತ್ತಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಅಕ್ಕ ನನ್ನನ್ನು ನೋಡಿ ಚಪ್ಪಲಿ ಬಿಟ್ಟು ಕೈಮುಗಿದಳು.

“ಯಾವ ದೇವರು ಪುಟ್ಟಮ್ಮಾ ಬಂದಿರೋದು?”

“ಮೆಟಾಲಿಕಾ” ಎಂದಳು ಪುಟ್ಟಿ, ಹಾಡುತ್ತಿದ್ದ ತಂಡದ ಹೆಸರನ್ನು.

ಅಕ್ಕ ಕೆನ್ನೆ ಕೆನ್ನೆ ಬಡಿದುಕೊಂಡು, “ತಾಯಿ ಮೆಟ್ಟಾಳಮ್ಮಾ, ಈ ಸಲ ಬೋರು ಕೊರೆಸಿದ್ರೆ ನೀರು ಬೀಳುತ್ತಾ?” ಎಂದು ಕೇಳಿದಳು. ಹಾಡು ಇನ್ನೂ ಮುಗಿದಿರಲಿಲ್ಲ. ನನ್ನ ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇತ್ತು. ಅಷ್ಟು ಜೋರಾಗಿ ಹೂಂಗುಟ್ಟಿದ ದೇವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ. ಆ ವಾರವೇ ಬೋರ್‌ವೆಲ್ ಲಾರಿ ಬಂತು. ನೀರೂ ಬಂತು. ಫ್ಲೋರೈಡಿನದೇ, ಆದರೂ ಬಂತು. ಮರುದಿನ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ನೂರಾಒಂದು ರೂಪಾಯಿ ಹೊತ್ತು ಅಕ್ಕ ಬಂದಾಗ ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಿ ಬಾಳೆಹಣ್ಣು ಸುಲಿದಾಗಿತ್ತು. ನೂರು ಅವಳಿಗೆ, ಒಂದು ನನಗೆ.

ಇಷ್ಟೆಲ್ಲಾ ಆದರೂ ಈ ಹುಚ್ಚು ಅವಳಿಗೆ ಎಲ್ಲಿಂದ ಬಂತೆಂಬುದು ಬಗೆಹರಿದಿರಲಿಲ್ಲ. ಬಗೆಹರಿದದ್ದು ಟೊಮ್ಯಾಟೊ ತೋಟದಲ್ಲಿ. ಅಜ್ಜಿಯ ಹಿಂದೆ ಹೋದವಳು ಕಿರುಚಿಕೊಂಡು ಓಡಿ ಬಂದಳು: “ತಾತಾ, ನಮ್ಮ ತೋಟದಲ್ಲಿ ಎಡ್ಡಿ!” ಹಾವೋ ಹಂದಿಯೋ ಎಂದು ಕೋಲು ಹಿಡಿದು ಹೋದರೆ ಅವಳು ತೋರಿಸಿದ್ದು ನಮ್ಮ ಬೆರ್ಚಪ್ಪನನ್ನು. ಅವನ ಮೈಮೇಲೆ ಒಂದು ಕಪ್ಪು ಟೀ ಶರ್ಟು, ಅದರ ಮೇಲೆ ಚರ್ಮವಿಲ್ಲದ ಪ್ರೇತದ ಮುಖ. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದು. ಅವನಿಗೆ ಶನಿಕಾಟವೆಂದು ತಿಳಿದು ನನ್ನವಳು ಪಾವಗಡದ ಶನಿಮಹಾತ್ಮನಿಗೆ ಎಳ್ಳು ದೀಪ ಹಚ್ಚಿಸಿ, ಅಂಗಿಯನ್ನು ಬೆರ್ಚಪ್ಪನಿಗೆ ತೊಡಿಸಿದ್ದಳು. ಆ ಮುಖದವನೇ ಎಡ್ಡಿ, ಐರನ್ ಮೇಡನ್ ತಂಡದ ಗುರುತಿನ ಬೊಂಬೆ ಎಂದು ಪುಟ್ಟಿ ವಿವರಿಸಿದಳು. ಆ ತಂಡ ಅರಮನೆ ಮೈದಾನದಲ್ಲಿ ಹಾಡಿದ್ದು 2007ರ ಮಾರ್ಚ್ 17ರಂದು ಎಂಬುದನ್ನೂ ಫೋನಿನಲ್ಲಿ ತೆಗೆದು ತೋರಿಸಿದಳು.

ಭಾನುವಾರ ಅವಳನ್ನು ಕರೆದೊಯ್ಯಲು ಮಗ ಬಂದ. ಕಾಫಿ ಲೋಟ ಕೈಗೆ ಕೊಟ್ಟು, ಹಾಜರಿ ಕರೆಯುವ ದನಿಯಲ್ಲಿ ಕೇಳಿದೆ: “2007ರ ಮಾರ್ಚ್‌ನಲ್ಲಿ ಒಂದು ಶನಿವಾರ ಊರಿಗೆ ಬರಲಿಲ್ಲವಲ್ಲಪ್ಪ, ಎಲ್ಲಿದ್ದೆ?”

“ಕಂಬೈನ್ಡ್ ಸ್ಟಡಿ ಇತ್ತಪ್ಪಾ” ಎಂದ, ಹದಿನೆಂಟು ವರ್ಷದ ಹಳೆಯ ಸುಳ್ಳನ್ನು ಒಂದಕ್ಷರ ತಪ್ಪದೆ. ಪುಟ್ಟಿ ಅವನ ಕೈ ಹಿಡಿದು ತೋಟಕ್ಕೆ ಎಳೆದುಕೊಂಡು ಹೋದಳು. ಬಹಳ ಹೊತ್ತು ಇಬ್ಬರೂ ಬರಲಿಲ್ಲ. ಬಂದಾಗ ಮಗ ನನ್ನ ಮುಖ ತಪ್ಪಿಸಿ ಅಮ್ಮನ ಹತ್ತಿರ ಹೋಗಿ, “ಅಮ್ಮಾ, ಆ ಟೀ ಶರ್ಟ್ ಒಗೆದು ಕೊಡ್ತೀಯಾ? ತಗೊಂಡು ಹೋಗ್ತೀನಿ” ಎಂದ.

“ಬೇಕಾದ್ರೆ ನೀನು ಹಾಕ್ಕೊಂಡಿರೋ ಅಂಗಿ ಬಿಚ್ಚಿಟ್ಟು ಹೋಗು” ಎಂದಳು ಅವಳು, ಟೊಮ್ಯಾಟೊ ಹಣ್ಣನ್ನು ಅವನ ಚೀಲಕ್ಕೆ ತುಂಬುತ್ತಾ. “ಆದ್ರೆ ಇಷ್ಟು ನೀಟಾಗಿರೋದಕ್ಕೆ ಹಂದಿ ಹೆದರಲ್ಲ.”