ಏರು, ಎದುರುಗಾಳಿ ಮತ್ತು ಸೂರ್ಯಕಾಂತಿ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯುವವರಿಗೆ ಎರಡು ಬಗೆಯ ರಸ್ತೆಗಳು ಸಿಗುತ್ತವೆ: ನಕ್ಷೆಯಲ್ಲಿ ದಪ್ಪಗೆ ಕಾಣುವವು ಮತ್ತು ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವವು. ದಪ್ಪ ರಸ್ತೆಗಳು ಮುಖ್ಯವಾಗಿ ಎರಡು. ಒಂದು, ಕೋಳಿಕ್ಕೋಡಿನಿಂದ ವಯನಾಡು ಹಾದು ಗುಂಡ್ಲುಪೇಟೆಗೆ ಇಳಿದು ಮೈಸೂರಿನತ್ತ ಸಾಗುವ 766ನೇ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು, ಗುಂಡ್ಲುಪೇಟೆಯಲ್ಲಿ ಅದರಿಂದ ಕವಲೊಡೆದು ಬಂಡೀಪುರದ ಮೂಲಕ ಊಟಿಗೆ ಹೋಗುವ 181ನೇದು. ಇವುಗಳ ಮೇಲೂ ಸೈಕಲ್ ಹೋಗುತ್ತದೆ. ಆದರೆ ಲಾರಿ ಚಾಲಕರ ಅಭಿಪ್ರಾಯ ತಿಳಿದುಕೊಂಡು ಹೊರಡುವುದು ಕ್ಷೇಮ.

ಸಣ್ಣವು ಹಳ್ಳಿಯಿಂದ ಹಳ್ಳಿಗೆ ಹೋಗುವ ಒಂಟಿ ಡಾಂಬರು ರಸ್ತೆಗಳು. ಒಂದು ಟ್ರ್ಯಾಕ್ಟರ್ ಬಂದರೆ ರಸ್ತೆ ತುಂಬಿತು. ಎದುರಿಗೆ ಇನ್ನೊಂದು ಬಂದರೆ ಯಾವುದಾದರೂ ಒಂದು ಜಮೀನಿಗೆ ಇಳಿಯಬೇಕು. ಯಾವುದು ಇಳಿಯಬೇಕು ಎಂಬುದನ್ನು ಚಾಲಕರಿಬ್ಬರೂ ಊರು, ಕೇರಿ, ನೆಂಟಸ್ತಿಕೆ ವಿಚಾರಿಸಿಕೊಂಡು ನಿಧಾನವಾಗಿ ತೀರ್ಮಾನಿಸುತ್ತಾರೆ. ಸೈಕಲ್ಲಿನ ವಿಷಯದಲ್ಲಿ ಈ ಚರ್ಚೆ ಏಳುವುದಿಲ್ಲ. ಇಳಿಯಬೇಕಾದದ್ದು ಸೈಕಲ್ಲೇ.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ದಶಕಗಳ ಕಾಲ ವಿಧಾನಸೌಧದಲ್ಲಿ ಗಟ್ಟಿಯಾಗಿ ಬೇರೂರಿತ್ತು. ಸಿದ್ದರಾಮಯ್ಯನವರು ಮೊದಲ ಅವಧಿಯಲ್ಲಿ ಮತ್ತೆ ಮತ್ತೆ ಬಂದುಹೋಗಿಯೂ ಐದು ವರ್ಷ ಪೂರೈಸಿ ಅದನ್ನು ಸಡಿಲಿಸಿದರು. ಸೈಕಲ್ ಸವಾರರಿಗೆ ಈ ಭಯ ಎಂದೂ ಇರಲಿಲ್ಲ. ಅವರು ಕೂರುವ ಸೀಟು ಎಂಥದ್ದೆಂದರೆ, ಅದನ್ನು ಕಿತ್ತುಕೊಳ್ಳಬೇಕೆಂದು ಯಾವ ವಿರೋಧ ಪಕ್ಷಕ್ಕೂ ಅನ್ನಿಸಲಾರದು.

ಸವಾರಿಗೆ ಒಳ್ಳೆಯ ಆರಂಭ ಚಾಮರಾಜನಗರವೇ. ಅರಿಕುಠಾರವೆಂಬ ಹೆಸರಿದ್ದ ಈ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟರು. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 660 ಮೀಟರ್. ಪಶ್ಚಿಮಕ್ಕಿರುವ ಗುಂಡ್ಲುಪೇಟೆಯದು 800 ಮೀಟರಿಗೆ ತುಸು ಮೇಲೆ. ನಡುವಿನ ದೂರ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಭಾಗಿಸಿ ನೋಡಿದರೆ ಕಿಲೋಮೀಟರಿಗೆ ನಾಲ್ಕೈದು ಮೀಟರ್ ಏರು, ಅಂದರೆ ಏನೂ ಇಲ್ಲ. ಆದರೆ ರಸ್ತೆಗೆ ಭಾಗಾಕಾರ ಗೊತ್ತಿಲ್ಲ. ಅದು ಒಂದು ದಿಣ್ಣೆ ಹತ್ತಿ, ಅಷ್ಟನ್ನೂ ಇಳಿದು, ಹಳ್ಳವೊಂದನ್ನು ದಾಟಿ, ಮತ್ತೆ ಮೊದಲಿನಿಂದ ಹತ್ತುತ್ತದೆ. ತಗ್ಗಿನಲ್ಲಿ ಕೆರೆ, ತಿಟ್ಟಿನಲ್ಲಿ ಮಾರಿಗುಡಿ, ಮತ್ತೆ ತಗ್ಗು. ಹೀಗೆ ಗಳಿಸಿದ ಎತ್ತರವನ್ನೆಲ್ಲ ಕಳೆದು ಕಳೆದು ಗಳಿಸುವುದೇ ಇಲ್ಲಿನ ಸವಾರಿಯ ಸ್ವರೂಪ.

ಮುಂದೆ ಏರು ಇದೆಯೇ ಎಂದು ದಾರಿಯಲ್ಲಿ ಕೇಳುವುದರಿಂದ ಪ್ರಯೋಜನವಿಲ್ಲ. "ಏರೆಲ್ಲಿ ಬಂತು ಬುದ್ಧಿ, ಎಲ್ಲಾ ಮಟ್ಟಸ" ಎಂಬ ಉತ್ತರ ಬರುತ್ತದೆ. ಹೇಳಿದವರು ಸುಳ್ಳು ಹೇಳಿರುವುದಿಲ್ಲ. ಆ ದಾರಿಯನ್ನು ಅವರು ಬೈಕಿನಲ್ಲಿ ನೋಡಿರುತ್ತಾರೆ.

ದಾರಿಯ ನಡುವೆ ತೆರಕಣಾಂಬಿ ಸಿಗುತ್ತದೆ. ಒಂದು ಕಾಲಕ್ಕೆ ಕೋಟೆ, ಪಾಳೆಯಗಾರರು ಎಲ್ಲ ಇದ್ದ ಊರು. ಈಗಲೂ ಹಳೆಯ ಗುಡಿಗಳ ಸಂಖ್ಯೆ ಊರಿನ ಅಳತೆಗೆ ಹೆಚ್ಚು. ಹತ್ತಿರದ ತ್ರಿಯಂಬಕಪುರದಲ್ಲಿ ಕಲ್ಲಿನ ದೊಡ್ಡ ಶಿವಾಲಯ, ದೂರದಲ್ಲಿ ಹುಲುಗನ ಮುರಡಿಯ ವೆಂಕಟರಮಣನ ಬೆಟ್ಟ. ಉಸಿರು ಹಿಡಿಯಲು ನಿಂತವರು ಚರಿತ್ರೆ ನೋಡಲು ನಿಂತಂತೆ ತೋರಿಸಿಕೊಳ್ಳಲು ಇಷ್ಟು ಅನುಕೂಲವಿರುವ ದಾರಿ ಮತ್ತೆಲ್ಲೂ ಇರಲಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆಯಾದ್ದರಿಂದ ಮಳೆ ಕಡಿಮೆ, ಗಾಳಿ ಧಾರಾಳ. ಗುಂಡ್ಲುಪೇಟೆಗೆ ಹೋಗುವಾಗ ಏರೂ ಉಂಟು, ಎದುರುಗಾಳಿಯೂ ಉಂಟು. ಇದೇ ತಿಂಗಳುಗಳಲ್ಲಿ ಇಕ್ಕೆಲದ ಹೊಲಗಳಲ್ಲಿ ಸೂರ್ಯಕಾಂತಿ ಅರಳಿರುತ್ತದೆ. ಎಳೆಯ ಗಿಡ ಸೂರ್ಯನ ಜೊತೆ ತಿರುಗುವುದು ನಿಜ. ಹೂ ಬಲಿತ ಮೇಲೆ ತಿರುಗಾಟ ಬಿಟ್ಟು ಮೂಡಣಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಹಾಗಾಗಿ ಪಶ್ಚಿಮಕ್ಕೆ ಏದುಸಿರು ಬಿಡುತ್ತ ಹೋಗುವ ಸವಾರನನ್ನು ಸಾವಿರಾರು ಹೂಗಳು ಎದುರುಗೊಳ್ಳುತ್ತವೆ, ಅವುಗಳನ್ನು ತಲೆಯೆತ್ತಿ ನೋಡುವ ತ್ರಾಣ ಅವನಿಗಿರುವುದಿಲ್ಲ. ಹಿಂತಿರುಗುವಾಗ ಇಳಿಜಾರೂ ಬೆನ್ನಗಾಳಿಯೂ ಕೂಡಿ ನೋಡಲು ಪುರಸೊತ್ತು ಸಿಗುತ್ತದೆ. ಆಗ ಹೂಗಳೆಲ್ಲ ಬೆನ್ನು ತಿರುಗಿಸಿರುತ್ತವೆ. ಓಣಂ ಹತ್ತಿರವಾದಂತೆ ಕೇರಳದಿಂದ ಕಾರುಗಳಲ್ಲಿ ಬರುವವರಿಗೆ ಈ ಕಷ್ಟವಿಲ್ಲ. ಅವರು ಹೊಲದೊಳಗೇ ಇಳಿದು ಹೂವಿನ ಪಕ್ಕ ಮುಖವಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಹೊಲದವರು ಅದಕ್ಕೆ ಕಾಸು ವಸೂಲು ಮಾಡುವುದೂ ಉಂಟು. ಪಕ್ಕದ ಚೆಂಡು ಹೂವಿನ ಬೆಳೆ ಹಾರಕ್ಕಲ್ಲ, ಬಹುಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ.

ಸುಗ್ಗಿಯ ಹೊತ್ತಿಗೆ, ಅಂದರೆ ಡಿಸೆಂಬರ್ ಜನವರಿಯಲ್ಲಿ, ರಸ್ತೆಗಳು ಕಣಗಳಾಗುತ್ತವೆ. ಹುರುಳಿ, ರಾಗಿ ಮುಂತಾದವನ್ನು ಡಾಂಬರಿನ ಮೇಲೆ ಮೊಣಕಾಲುದ್ದ ಹರವಿ, ಹೋಗಿಬರುವ ವಾಹನಗಳಿಂದ ಪುಕ್ಕಟೆ ಒಕ್ಕಣೆ ಮಾಡಿಸುವುದು ಇಲ್ಲಿನ ಪದ್ಧತಿ. ಹೀಗೆ ಮಾಡಬಾರದೆಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ, ಅವರ ಜೀಪೂ ಒಕ್ಕಣೆಗೆ ಒದಗುತ್ತದೆ. ಬಸ್ಸು ಬಂದರೆ ಹೆಂಗಸರ ಮುಖದಲ್ಲಿ ಸಂತೋಷ, ಲಾರಿ ಬಂದರೆ ಇನ್ನೂ ಸಂತೋಷ. ಹತ್ತು ಕೆಜಿಯೂ ತೂಗದ ಸೈಕಲ್ ಹಾದುಹೋದರೆ ಹುರುಳಿಕಾಯಿಗೆ ಯಾರೋ ಬಂದರೆಂಬುದೂ ತಿಳಿಯುವುದಿಲ್ಲ. ಬೆರಳಿನಗಲದ ಟೈರು ಕಾಳಿನ ಮೇಲೆ ಜಾರುತ್ತದೆ. ಒಣಗಿದ ಬಳ್ಳಿ ಗೇರಿನ ಪುಟ್ಟ ಗಾಲಿಗಳಿಗೆ ಸುತ್ತಿಕೊಂಡು ಚೈನು ನಿಲ್ಲುತ್ತದೆ. ಸವಾರ ಇಳಿದು ಕುಕ್ಕರಗಾಲಿನಲ್ಲಿ ಕುಳಿತು ಎಳೆ ಎಳೆಯಾಗಿ ಬಿಡಿಸಬೇಕು. ಬಿಡಿಸಿದ್ದನ್ನು ಬಿಸಾಡುವಂತಿಲ್ಲ, ಅದರಲ್ಲೂ ಎರಡು ಕಾಯಿ ಇರುತ್ತವೆ. ಯಜಮಾನಿತಿ ಕೈಚಾಚಿ ನಿಂತಿರುತ್ತಾಳೆ.

ಇಷ್ಟರಲ್ಲಿ ನಾಲ್ಕು ಜನ ಸೇರುತ್ತಾರೆ. ಹೆದ್ದಾರಿಯಲ್ಲಿ ಎಲ್ಲರೂ ಹಾರನ್ ಹೊಡೆಯುತ್ತಾರೆ, ಯಾರೂ ಮಾತನಾಡಿಸುವುದಿಲ್ಲ. ಹಳ್ಳಿ ರಸ್ತೆಯಲ್ಲಿ ಹಾರನ್ನೇ ಇಲ್ಲ, ಮಾತನಾಡಿಸದೆ ಯಾರೂ ಬಿಡುವುದಿಲ್ಲ. ನಿಶ್ಶಬ್ದ ಮಾರ್ಗ ಬಯಸಿ ಬಂದವರು ಇದನ್ನು ಮೊದಲೇ ತಿಳಿದಿರಬೇಕು. ಯಾವೂರು, ಯಾರ ಪೈಕಿ, ಮನೆಯಲ್ಲಿ ಜಗಳವೇ, ಬಸ್ಸು ಸಿಗಲಿಲ್ಲವೇ ಎಂಬುವು ಮೊದಲ ಸುತ್ತಿನ ಪ್ರಶ್ನೆಗಳು. ಎರಡನೆಯ ಸುತ್ತು ಬೆಲೆಯದು. ಹೆಲ್ಮೆಟ್ಟು, ಮೈಗಂಟಿದ ಅಂಗಿ ಎಲ್ಲ ತೊಟ್ಟವರು ಎಷ್ಟೇ ಇಳಿಸಿ ಹೇಳಿದರೂ ಅದು ದುಬಾರಿಯೇ. "ಅಷ್ಟು ದುಡ್ಡು ಕೊಟ್ಟ ಮ್ಯಾಲೂ ನೀವೇ ತುಳೀಬೇಕಾ ಬುದ್ಧಿ?" ಎಂಬ ಪ್ರಶ್ನೆಗೆ ಸೈಕಲ್ ತಯಾರಕರ ಬಳಿಯೂ ಉತ್ತರವಿಲ್ಲ.

ಗುಂಡ್ಲುಪೇಟೆಯಿಂದ ಬೆಟ್ಟ ಸುಮಾರು ಇಪ್ಪತ್ತು ಕಿಲೋಮೀಟರ್. ಊಟಿ ರಸ್ತೆಯಲ್ಲಿ ಹಂಗಳದವರೆಗೆ ಹೋಗಿ ಬಲಕ್ಕೆ ತಿರುಗಬೇಕು. ಹೆದ್ದಾರಿಯ ಈ ತುಂಡನ್ನು ಬೆಳಗಿನ ಆರಕ್ಕೆ ದಾಟಿಬಿಡೋಣ ಎಂದು ಅನುಭವವಿಲ್ಲದವರು ಲೆಕ್ಕ ಹಾಕುತ್ತಾರೆ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಹೀಗಾಗಿ ಆರು ಗಂಟೆ ಶಾಂತಿಯ ಹೊತ್ತಲ್ಲ, ರಾತ್ರಿಯಿಡೀ ತಡೆದವರೆಲ್ಲ ಒಮ್ಮೆಗೇ ಹೊರಡುವ ಹೊತ್ತು. ಒಂದು ಕಾಫಿ ಕುಡಿದು ಹೊರಟರೆ ಏನೂ ನಷ್ಟವಿಲ್ಲ.

ಹಂಗಳ ಬಿಟ್ಟ ಮೇಲೆ ರಸ್ತೆ ಮತ್ತೆ ಸೌಮ್ಯವಾಗುತ್ತದೆ. ಎದುರಿಗೆ ಬೆಟ್ಟ, ಮಂಜಿದ್ದರೆ ಬೆಟ್ಟವಿರಬೇಕಾದ ಜಾಗ. ಸುಮಾರು 1,450 ಮೀಟರ್ ಎತ್ತರದ ಈ ಬೆಟ್ಟವನ್ನು ತುಳಿದು ಹತ್ತಬೇಕೆಂಬ ಆಸೆಯಿಂದಲೇ ಸವಾರರು ಅಷ್ಟು ದೂರ ಬಂದಿರುತ್ತಾರೆ. ಬುಡದಲ್ಲಿ ಅರಣ್ಯ ಇಲಾಖೆಯ ಗೇಟು. ಅಲ್ಲಿಂದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು, ಸಂಜೆ ನಾಲ್ಕರ ಸುಮಾರಿಗೆ ಅದೂ ನಿಲ್ಲುತ್ತದೆ. ಇದು ಹುಲಿ ಕಾಡು. 1941ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಇಲ್ಲಿನ ದೇವರ ಹೆಸರಿನಿಂದಲೇ ವೇಣುಗೋಪಾಲ ವನ್ಯಧಾಮವಾದದ್ದು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾರಿಗಾದರೆ ಗಾಜಿದೆ, ಬಾಗಿಲಿದೆ. ಸೈಕಲ್ ಸವಾರ ಹುಲಿಗೆ ಸಿಪ್ಪೆ ಸುಲಿದೇ ಸಿಗುತ್ತಾನೆ. ನಿಯಮ ಸರಿಯಾಗಿಯೇ ಇದೆ. ಆದರೂ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿನ ಕಂಬಿ ಹಿಡಿದು, ಒಂದೊಂದು ತಿರುವನ್ನೂ ಕಿಟಕಿಯಿಂದ ನೋಡುವ ಸವಾರನದು ಉಪವಾಸದ ದಿನ ಮದುವೆಮನೆಗೆ ಹೋದವನ ಸ್ಥಿತಿ.

ಮೇಲಿನ ಗುಡಿ ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ್ದೆಂದು ಪ್ರತೀತಿ. ಗರ್ಭಗುಡಿಯಲ್ಲಿ ಹಿಮ ಜಿನುಗುತ್ತದೆ, ಕಾಗೆಯೊಂದು ಹಂಸತೀರ್ಥದಲ್ಲಿ ಮಿಂದು ಹಂಸವಾದ ಮೇಲೆ ಬೆಟ್ಟದಲ್ಲಿ ಕಾಗೆಗಳೇ ಇಲ್ಲ ಎನ್ನುತ್ತಾರೆ. ಪರೀಕ್ಷಿಸಲು ಹೊರಟವರಿಗೆ ಮಂಜಿನಲ್ಲಿ ಕಾಗೆ ಇರಲಿ, ಜೊತೆಗೆ ಬಂದವರೂ ಕಾಣುವುದಿಲ್ಲ.

ಕೆಳಗಿಳಿದವರು ಬಿಸಿಲಿರುವಾಗಲೇ ಕಾಡಂಚು ಬಿಡಬೇಕು. ಆನೆ ಕಂದಕ, ಸೋಲಾರ್ ತಂತಿ, ಮರದ ಮೇಲಿನ ಅಟ್ಟಣೆ ಇವೆಲ್ಲ ಅಲಂಕಾರಕ್ಕೆ ಇಟ್ಟವಲ್ಲ. ಸಂಜೆಯಾದರೆ ಹಂದಿಯೂ ಆನೆಯೂ ಹೊಲದತ್ತ ಹೊರಡುತ್ತವೆ, ಸೈಕಲ್ ಗಂಟೆಗೆ ದಾರಿ ಬಿಡುವ ಅಭ್ಯಾಸ ಅವಕ್ಕಿಲ್ಲ.

ಉಳಿದದ್ದು ಪಂಕ್ಚರ್. ಬೇಲಿಗಳಿಂದ ಉದುರಿದ ಜಾಲಿ ಮುಳ್ಳಿಗೆ ದೇಶಿ, ವಿದೇಶಿ ಎಂಬ ಭೇದವಿಲ್ಲ. ಪಂಕ್ಚರ್ ಅಂಗಡಿ ದೊಡ್ಡ ಊರುಗಳಲ್ಲೆಲ್ಲ ಇದೆ, ಆದರೆ ಈ ದುಬಾರಿ ಸೈಕಲ್ಲುಗಳ ಟ್ಯೂಬಿನ ತೆಳ್ಳನೆಯ ವಾಲ್ವಿಗೆ ಅಲ್ಲಿನ ಗಾಳಿ ಪಂಪಿನ ಬಾಯಿ ಕೂರುವುದಿಲ್ಲ. ನಡುವೆ ಸಿಕ್ಕಿಸುವ ಹಿತ್ತಾಳೆಯ ತುಣುಕೊಂದು ಸಿಗುತ್ತದೆ, ಹುಣಸೆ ಬೀಜದಷ್ಟು ಗಾತ್ರದ್ದು, ಚಿಲ್ಲರೆ ಬೆಲೆಯದು. ಅದನ್ನು ಮನೆಯಲ್ಲಿ ಬಿಟ್ಟು ಬಂದವರು ಗುಂಡ್ಲುಪೇಟೆಗೆ ಟೊಮೆಟೊ ಒಯ್ಯುವ ಗೂಡ್ಸ್ ಆಟೊ ಹತ್ತಬೇಕು. ಬಾಡಿಗೆ ಕ್ರೇಟಿನ ಲೆಕ್ಕದಲ್ಲಿ: ಸೈಕಲ್ಲಿಗೆ ನಾಲ್ಕು ಕ್ರೇಟಿನದು, ಸವಾರನಿಗೆ ಎರಡು.